ತಲೆಸುತ್ತು ಮಗುವಿನ ದೋಷವಲ್ಲ

ಶಿಕಾಗೊ ಮತ್ತು ಡೆಟ್ರಾಯ್ಟ್ ಸುತ್ತಮುತ್ತಲ ಕನ್ನಡ ಮನೆಗಳ ತಂದೆತಾಯಂದಿರಿಗೆ,



ನಿಮ್ಮ ಮನೆಗೆ ಈಗಾಗಲೇ ಬಂದಿರುವ, ಇಲ್ಲವೇ ಇಂದಲ್ಲ ನಾಳೆ ಬರಲಿರುವ ವಿ.ಆರ್. ಹೆಡ್‌ಸೆಟ್ಟಿನ ಬಗ್ಗೆ ನಿಮ್ಮೊಡನೆ ಮಾತಾಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಅದನ್ನು ಮಕ್ಕಳಿಗೆ ಕೊಡಿಸಬೇಕೇ ಬೇಡವೇ ಎಂಬ ಚರ್ಚೆ ಇಲ್ಲಿ ಎತ್ತುವುದಿಲ್ಲ. ಅದು ನಿಮ್ಮ ನಿಮ್ಮ ಮನೆಯ ತೀರ್ಮಾನ. ಕೊಡಿಸಿದ ಮೇಲೆ ಅದರ ಪರದೆಯಲ್ಲಿ ಮೂಡುವ ಚಿತ್ರ ಸರಿಯಾಗಿದೆಯೇ ಎಂದು ದೊಡ್ಡವರು ಯಾರೂ ನೋಡುವುದಿಲ್ಲ ಎಂಬುದೇ ನನ್ನ ಸಂಕಟ. ಮೂರು ಆಯಾಮದ ಗ್ರಾಫಿಕ್ಸ್ ನನ್ನ ಹೊಟ್ಟೆಪಾಡು. ಮೊದಲು ಮಿಶಿಗನ್‌ನಲ್ಲಿದ್ದೆ, ಈಗ ನೇಪರ್‌ವಿಲ್‌ನಲ್ಲಿದ್ದೇನೆ. ಲೆಮಾಂಟ್ ದೇವಸ್ಥಾನದ ಊಟದ ಸಾಲಿನಲ್ಲಿ, ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ, ಮಕ್ಕಳ ಹುಟ್ಟುಹಬ್ಬಕ್ಕೆ ಹೋದ ಮನೆಗಳಲ್ಲಿ ನನ್ನ ಕೆಲಸದ ವಿಷಯ ಬಂದಾಗಲೆಲ್ಲ ಒಂದೇ ಬಗೆಯ ಮಾತು ಕಿವಿಗೆ ಬೀಳುತ್ತದೆ. "ನಮ್ಮ ಹುಡುಗನಿಗೆ ಅದು ಒಗ್ಗೋದೇ ಇಲ್ಲ ಕಣ್ರೀ." "ಹಾಕ್ಕೊಂಡು ಸ್ವಲ್ಪ ಹೊತ್ತಿಗೇ ತಲೆನೋವು ಅಂತಾಳೆ." "ಅಮ್ಮನಿಗೆ ಒಂದ್ಸಲ ಹಾಕಿದ್ವಿ, ಪಾಪ, ಹೊಟ್ಟೆ ತೊಳಸಿ ಸೋಫಾ ಮೇಲೆ ಮಲಗಿಬಿಟ್ರು."

ಈ ಮಾತುಗಳ ಹಿಂದೆ ಒಂದು ತೀರ್ಪು ಅಡಗಿದೆ: ಮಗುವಿನ ಕಣ್ಣು ಸರಿಯಿಲ್ಲ, ಅಮ್ಮನಿಗೆ ವಯಸ್ಸಾಯಿತು, ಅಥವಾ ಈ ಯಂತ್ರವೇ ಹೀಗೆ. ಹೆಡ್‌ಸೆಟ್ಟನ್ನು ಕಂಪ್ಯೂಟರಿಗೆ ಜೋಡಿಸಿ ಆಡುವ ಮನೆಗಳಲ್ಲಿ ಕೂತು ನೋಡಿದ ಮೇಲೆ ನನಗೆ ಮನದಟ್ಟಾಗಿರುವುದು ಬೇರೆ. ಎಷ್ಟೋ ಸಲ ತೊಂದರೆ ಇರುವುದು ಗ್ರಾಫಿಕ್ಸ್ ಕಾರ್ಡಿಗೆ ನಾವು ಹೇಳಿರುವ ಕೆಲಸದಲ್ಲಿ. ಅದರ ಕೈಲಾಗದಷ್ಟು ಅಂದದ ಚಿತ್ರ ಕೇಳುತ್ತೇವೆ. ಅದು ಹೊತ್ತಿಗೆ ಸರಿಯಾಗಿ ಕೊಡಲಾರದೆ ತಡಮಾಡುತ್ತದೆ. ಆ ತಡವನ್ನು ನಿಮ್ಮ ಮಗುವಿನ ತಲೆ ಮತ್ತು ಹೊಟ್ಟೆ ಅನುಭವಿಸುತ್ತವೆ.

ಇದು ಹೇಗೆ ನಡೆಯುತ್ತದೆಂದು ತುಸು ತಾಳ್ಮೆಯಿಂದ ಕೇಳಿ. ಮೇಜಿನ ಮೇಲಿನ ಸಾಮಾನ್ಯ ಮಾನಿಟರಿನಲ್ಲಿ 1920 ಕಂಬಸಾಲು, 1080 ಅಡ್ಡಸಾಲುಗಳಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್‌ಗಳಿವೆ. ನಮ್ಮ ಅನೇಕ ಮನೆಗಳಲ್ಲಿರುವ, 2020ರಲ್ಲಿ ಬಂದ ಕ್ವೆಸ್ಟ್ 2 ಹೆಡ್‌ಸೆಟ್ಟಿನಲ್ಲಿ ಒಂದೊಂದು ಕಣ್ಣಿಗೆ 1832ಕ್ಕೆ 1920 ಪಿಕ್ಸೆಲ್. ಎರಡೂ ಕಣ್ಣು ಸೇರಿ 70 ಲಕ್ಷ ದಾಟುತ್ತದೆ. ಮಾನಿಟರಿಗೆ ಸೆಕೆಂಡಿಗೆ 60 ಚಿತ್ರ ಸಾಕು, ಇಲ್ಲಿ ಸಾಮಾನ್ಯವಾಗಿ 90 ಬೇಕು. ಗುಣಿಸಿ ನೋಡಿ: ಮಾನಿಟರಿಗೆ ಸೆಕೆಂಡಿಗೆ ಸುಮಾರು 12 ಕೋಟಿ ಪಿಕ್ಸೆಲ್ ಬರೆಯುವ ಕಾರ್ಡು ಇಲ್ಲಿ 63 ಕೋಟಿ ಬರೆಯಬೇಕು. ಇಷ್ಟಕ್ಕೇ ಮುಗಿಯಲಿಲ್ಲ. ಕಣ್ಣಿನ ಮುಂದಿನ ಲೆನ್ಸು ಚಿತ್ರವನ್ನು ಬಾಗಿಸುತ್ತದೆ. ಅದನ್ನು ಸರಿದೂಗಿಸಲು ಕಂಪ್ಯೂಟರ್ ಚಿತ್ರವನ್ನು ಮೊದಲೇ ಎದುರು ದಿಕ್ಕಿಗೆ ಬಾಗಿಸಿ ಕಳಿಸಬೇಕು. ಹಾಗೆ ಬಾಗಿಸಿದಾಗ ನಡುಭಾಗ ಮಸುಕಾಗದಿರಲೆಂದು ಪರದೆಗಿಂತ ದೊಡ್ಡ ಅಳತೆಯಲ್ಲೇ ಚಿತ್ರ ಬರೆಯುವುದು ವಾಡಿಕೆ. 2016ರಲ್ಲಿ ಬಂದ ವೈವ್ ಹೆಡ್‌ಸೆಟ್ಟಿನ ಪರದೆ ಕಣ್ಣಿಗೆ 1080ಕ್ಕೆ 1200, ಅದನ್ನು ಕಂಪ್ಯೂಟರಿನಿಂದ ನಡೆಸುವ ಸ್ಟೀಮ್ ವಿ.ಆರ್. ತಂತ್ರಾಂಶ ಅದಕ್ಕೆ ಬರೆಸುತ್ತಿದ್ದದ್ದು 1512ಕ್ಕೆ 1680. ಹೆಚ್ಚು ಕಡಿಮೆ ಎರಡು ಪಟ್ಟು ಕೆಲಸ.

ಸೆಕೆಂಡಿಗೆ 90 ಚಿತ್ರವೆಂದರೆ ಒಂದು ಚಿತ್ರಕ್ಕೆ ಸಿಗುವ ಸಮಯ 11 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಹನ್ನೊಂದು. ಮಾನಿಟರಿನಲ್ಲಿ ಆಟ ಆಡುವಾಗ ಒಂದು ಚಿತ್ರ ತಡವಾದರೆ ಕಣ್ಣಿಗೆ ಸ್ವಲ್ಪ ಎಡವಿದಂತೆ ಕಂಡು ಮರೆತುಹೋಗುತ್ತದೆ. ಸುತ್ತಲಿನ ಕೋಣೆ ಅಲುಗದೆ ನಿಂತಿರುತ್ತದೆ. ಹೆಡ್‌ಸೆಟ್ಟಿನೊಳಗೆ ಕೋಣೆಯೇ ಇಲ್ಲ. ಅಲ್ಲಿ ಕಾಣುವುದೆಲ್ಲ ಆ ಕಾರ್ಡು ಬರೆದದ್ದೇ. ಚಿತ್ರ ತಡವಾದಾಗ, ತಲೆ ತಿರುಗಿದೆ ಎಂದು ಕಿವಿಯೊಳಗಿನ ಸಮತೋಲನದ ಅಂಗ ಹೇಳುತ್ತದೆ, ಲೋಕ ತಿರುಗಲಿಲ್ಲ ಎಂದು ಕಣ್ಣು ಹೇಳುತ್ತದೆ. ಈ ಎರಡು ಸಾಕ್ಷಿಗಳು ಒಂದಕ್ಕೊಂದು ಹೊಂದದಿದ್ದಾಗ ಘಾಟಿಯ ರಸ್ತೆಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಆಗುವುದೇ ಇಲ್ಲೂ ಆಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಈ ಹೆಡ್‌ಸೆಟ್ಟುಗಳ ಪರದೆ ಇಡೀ ಹೊತ್ತು ಬೆಳಗಿರುವುದಿಲ್ಲ. ಪ್ರತಿ ಚಿತ್ರವೂ ಒಂದೆರಡು ಮಿಲಿಸೆಕೆಂಡ್, ಕೆಲವು ಹೆಡ್‌ಸೆಟ್ಟುಗಳಲ್ಲಿ ಅದಕ್ಕೂ ಕಡಿಮೆ ಹೊತ್ತು ಮಿಂಚಿ ಆರಿಹೋಗುತ್ತದೆ. ಮುಂದಿನ ಚಿತ್ರದವರೆಗೆ ಕತ್ತಲೆ. ಬೆಳಗಿಯೇ ಇದ್ದರೆ ತಲೆ ತಿರುಗಿದಷ್ಟೂ ಚಿತ್ರ ಕಣ್ಣಿನಲ್ಲಿ ಎಳೆದುಕೊಂಡು ಮಸುಕಾಗುತ್ತದೆಂದು ಹೀಗೆ ಮಾಡಿದ್ದಾರೆ. ಹೊಸ ಚಿತ್ರ ಹೊತ್ತಿಗೆ ಬಂದರೆ ಇದು ಬಲು ಸೊಗಸು. ಬಾರದಿದ್ದರೆ ಹಳೆಯ ಚಿತ್ರವೇ ಎರಡನೇ ಸಲ ಮಿಂಚುತ್ತದೆ. ತಲೆಯನ್ನು ಸೆಕೆಂಡಿಗೆ 100 ಡಿಗ್ರಿಯಷ್ಟು ವೇಗದಲ್ಲಿ ತಿರುಗಿಸಿದರೆ, ಅದೇನೂ ಜೋರಲ್ಲ, ಆ 11 ಮಿಲಿಸೆಕೆಂಡಿನಲ್ಲಿ ತಲೆ ಒಂದು ಡಿಗ್ರಿಗೂ ಸ್ವಲ್ಪ ಹೆಚ್ಚು ಸರಿದಿರುತ್ತದೆ. ಕ್ವೆಸ್ಟ್ 2ರಲ್ಲಿ ಒಂದು ಡಿಗ್ರಿಗೆ ಸುಮಾರು 20 ಪಿಕ್ಸೆಲ್. ಅಂದರೆ ಎರಡನೇ ಮಿಂಚು 20 ಪಿಕ್ಸೆಲ್ ಆಚೆ ಬೀಳುತ್ತದೆ, ಒಂದು ವಸ್ತುವಿನ ಅಂಚು ಎರಡಾಗಿ ಕಾಣುತ್ತದೆ.

ಇದನ್ನು ತಡೆಯಲು ತಯಾರಕರು ಒಂದು ಉಪಾಯ ಕಂಡುಕೊಂಡಿದ್ದಾರೆ. ಹೊಸ ಚಿತ್ರ ಬಾರದಿದ್ದರೆ ಹಳೆಯದನ್ನೇ ತಲೆ ತಿರುಗಿದಷ್ಟು ಸರಿಸಿ ತೋರಿಸುತ್ತಾರೆ. ಕ್ವೆಸ್ಟ್ ತಯಾರಿಸಿದ ಆಕ್ಯುಲಸ್‌ನವರು (ಈಗ ಮೆಟಾ) ಇದನ್ನು ಟೈಮ್‌ವಾರ್ಪ್ ಎಂದು ಕರೆದರು. 2016ರ ಕೊನೆಯಲ್ಲಿ ಅದರ ಜೊತೆಗೆ ಸ್ಪೇಸ್‌ವಾರ್ಪ್ ಬಂತು: ಹಿಂದಿನ ಎರಡು ಚಿತ್ರಗಳಲ್ಲಿ ಯಾವುದು ಎತ್ತ ಚಲಿಸಿದೆ ಎಂದು ನೋಡಿ, ಮುಂದಿನ ಚಿತ್ರವನ್ನು ಊಹಿಸಿ ಬರೆಯುವುದು. ಸ್ಟೀಮ್ ವಿ.ಆರ್.ನಲ್ಲಿ ಇದೇ ಬಗೆಯ ಸೌಲಭ್ಯದ ಹೆಸರು ಮೋಷನ್ ಸ್ಮೂದಿಂಗ್. ಇವು ಆಪತ್ಕಾಲಕ್ಕೆ ಇರುವ ಆಸರೆ. ದಿನವಿಡೀ ಇವುಗಳ ಮೇಲೆಯೇ ಭಾರ ಹಾಕಿ ಆಡುವುದು ಸರಿಯಲ್ಲ, ಏಕೆಂದರೆ ಊಹೆ ತಪ್ಪುವ ಜಾಗಗಳಿವೆ, ಮತ್ತು ಅವು ಸರಿಯಾಗಿ ಕಣ್ಣ ಮುಂದೆಯೇ ಇರುತ್ತವೆ.

ನಾನು ಕಂಡದ್ದನ್ನು ಹೇಳುತ್ತೇನೆ. ಮಿಶಿಗನ್‌ನ ಕ್ಯಾಂಟನ್‌ನಲ್ಲಿ ಪರಿಚಯದವರ ಮನೆ. ಒಂಬತ್ತನೇ ತರಗತಿಯ ಹುಡುಗ. ಬೇಸ್‌ಮೆಂಟಿನ ಮೂಲೆಯಲ್ಲಿ ಮೇಜು, ಅದಕ್ಕೆ ಬಿಗಿದ ಸ್ಟಿಯರಿಂಗ್, ಕಾಲಡಿಯಲ್ಲಿ ಪೆಡಲ್ಲು, ಉದ್ದನೆಯ ಕೇಬಲ್ಲಿನ ತುದಿಗೆ ಕ್ವೆಸ್ಟ್ 2. ಕಂಪ್ಯೂಟರಿನಲ್ಲಿ 6 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 2060 ಕಾರ್ಡು. ಕಾರ್ ರೇಸಿನ ಆಟ ಅವನಿಗೆ ಪ್ರಾಣ, ಆದರೆ ಸ್ವಲ್ಪ ಹೊತ್ತಿಗೆ ಮುಖ ಬಿಳಿಚಿಕೊಂಡು ಹೆಡ್‌ಸೆಟ್ ತೆಗೆದಿಡುತ್ತಿದ್ದ. "ಕಣ್ಣಿನ ಡಾಕ್ಟ್ರಿಗೆ ತೋರಿಸಿದ್ದೇವೆ, ಏನೂ ಇಲ್ಲ ಅಂದ್ರು" ಎಂದರು ತಾಯಿ. ಹುಡುಗ ಹೆಮ್ಮೆಯಿಂದ, "ಅಂಕಲ್, ಎಲ್ಲಾ ಅಲ್ಟ್ರಾದಲ್ಲಿ ಇಟ್ಟಿದ್ದೀನಿ" ಎಂದ. ನಾನು ಹಾಕಿಕೊಂಡು ನೋಡಿದೆ. ಕಾರಿನೊಳಗಿನ ಡ್ಯಾಶ್‌ಬೋರ್ಡಿನ ಅಕ್ಷರಗಳು ಮುತ್ತಿನಂತೆ ಸ್ಪಷ್ಟ. ಆದರೆ ರಸ್ತೆ ಬದಿಯ ತಡೆಬೇಲಿಯ ಕಂಬಗಳು ಒಂದೊಂದೂ ಎರಡೆರಡಾಗಿ ಹಾದುಹೋಗುತ್ತಿದ್ದವು. ಸ್ಪೇಸ್‌ವಾರ್ಪ್ ಚಾಲೂ ಮಾಡಿದಾಗ ಕಂಬಗಳು ಒಂದಾದವು, ಬದಲಿಗೆ ಮುಂದಿನ ಗಾಜಿನ ಚೌಕಟ್ಟಿನ ಅಂಚು ಹಿಂದೆ ಓಡುವ ಮರಗಳ ಎದುರು ಬಿಸಿಗಾಳಿಯಲ್ಲಿ ಕಂಡಂತೆ ಅಲೆಯತೊಡಗಿತು. ಕಣ್ಣು ಹೆಚ್ಚು ಹೊತ್ತು ನೆಡುವ ಜಾಗವೇ ಅದು.

ಸ್ಟೀಮ್ ವಿ.ಆರ್.ನಲ್ಲಿ ಪ್ರತಿ ಚಿತ್ರಕ್ಕೆ ಕಾರ್ಡು ಎಷ್ಟು ಹೊತ್ತು ತೆಗೆದುಕೊಂಡಿತೆಂದು ತೋರಿಸುವ ಗ್ರಾಫ್ ಇದೆ. ಅದನ್ನು ತೆರೆದೆವು. ಗೆರೆ 17 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಓಡುತ್ತಿತ್ತು, 11ರೊಳಗೆ ಇರಬೇಕಾದದ್ದು. ಯಾವುದೋ ವಿಡಿಯೊ ನೋಡಿ ರೆಸಲ್ಯೂಷನ್ ಸ್ಲೈಡರನ್ನು 200ಕ್ಕೆ ಎಳೆದಿಟ್ಟಿದ್ದ. ಆ ಶೇಕಡಾವಾರು ಒಟ್ಟು ಪಿಕ್ಸೆಲ್‌ಗಳ ಲೆಕ್ಕ. 200 ಎಂದರೆ ನೇರವಾಗಿ ಎರಡು ಪಟ್ಟು ಕೆಲಸ. ಅದನ್ನು 100ಕ್ಕೆ ತಂದೆವು, ನೆರಳನ್ನು ಮಧ್ಯಮಕ್ಕೆ ಇಳಿಸಿದೆವು, ಕಾರಿನ ಕನ್ನಡಿಗಳ ಪ್ರತಿಬಿಂಬದ ಗುಣಮಟ್ಟ ತಗ್ಗಿಸಿದೆವು. ಗೆರೆ ಹತ್ತರ ಕೆಳಗೆ ಬಂದು ನಿಂತಿತು. ಸ್ಪೇಸ್‌ವಾರ್ಪ್ ಇಲ್ಲದೆಯೇ ಕಂಬಗಳು ಒಂದೊಂದಾಗಿ ಹಾದುಹೋದವು, ಗಾಜಿನ ಚೌಕಟ್ಟು ಅಲುಗಲಿಲ್ಲ. ಹುಡುಗ ಎರಡು ಸುತ್ತು ಓಡಿಸಿ, "ಕ್ವಾಲಿಟಿ ಕಡಿಮೆ ಮಾಡಿದ್ರೂ ಇದೇ ಚೆನ್ನಾಗಿದೆಯಲ್ಲ ಅಂಕಲ್" ಎಂದ. ಹೊಸ ಕಾರ್ಡು ಕೊಳ್ಳಬೇಕೆಂದು ತಂದೆ ಎತ್ತಿಟ್ಟಿದ್ದ ದುಡ್ಡು ಉಳಿಯಿತು.

ಈ ವಿಷಯ ನಮ್ಮ ಊರುಗಳಿಗೆ ಹೊಸದಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಶಿಕಾಗೊದ ಇಲಿನಾಯ್ ವಿಶ್ವವಿದ್ಯಾಲಯದ ಎಲೆಕ್ಟ್ರಾನಿಕ್ ವಿಶುವಲೈಸೇಷನ್ ಲ್ಯಾಬೊರೇಟರಿಯಲ್ಲಿ ಕರೋಲಿನಾ ಕ್ರೂಸ್-ನೀರಾ, ಡೇನಿಯಲ್ ಸ್ಯಾಂಡಿನ್, ಥಾಮಸ್ ಡಿಫ್ಯಾಂಟಿ ಸೇರಿ "ಕೇವ್" ಎಂಬ ಕೋಣೆ ಕಟ್ಟಿದರು. ಗೋಡೆಗಳ ಮೇಲೆಯೇ ಮೂರು ಆಯಾಮದ ಚಿತ್ರ ಬೀಳುವ ಕೋಣೆ ಅದು. 1992ರಲ್ಲಿ ಶಿಕಾಗೊದಲ್ಲೇ ನಡೆದ ಸಿಗ್ರಾಫ್ ಸಮ್ಮೇಳನದಲ್ಲಿ ಅದನ್ನು ಜನರ ಮುಂದಿಟ್ಟರು. ಹೆಡ್‌ಸೆಟ್ ಬಿಟ್ಟು ಕೋಣೆಯನ್ನೇ ಆರಿಸಿಕೊಂಡದ್ದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಒಂದು ನಮ್ಮ ಈ ಚರ್ಚೆಗೆ ನೇರವಾಗಿ ಸಂಬಂಧಿಸಿದ್ದು. ಗೋಡೆ ನಿಂತಲ್ಲೇ ನಿಂತಿರುತ್ತದೆ. ನೋಡುವವರು ತಲೆ ತಿರುಗಿಸಿದರೆ ಆ ಬದಿಯ ಚಿತ್ರ ಆಗಲೇ ಅಲ್ಲಿದೆ, ಹಾಗಾಗಿ ಕಂಪ್ಯೂಟರ್ ತುಸು ತಡಮಾಡಿದರೂ ತಲೆಯ ತಿರುಗುವಿಕೆಯಿಂದ ಆಗುವ ತಪ್ಪು ಕಡಿಮೆ. ಹೆಡ್‌ಸೆಟ್ಟಿನ ಪರದೆ ತಲೆಯ ಜೊತೆಗೇ ತಿರುಗುತ್ತದೆ, ತಡವೆಲ್ಲ ಕಣ್ಣಿಗೇ ಬೀಳುತ್ತದೆ. ಮೂವತ್ತು ವರ್ಷಕ್ಕೂ ಹಿಂದೆ, ಪ್ರತಿ ಗೋಡೆಗೊಂದು ಸಿಲಿಕಾನ್ ಗ್ರಾಫಿಕ್ಸ್ ಯಂತ್ರ ಹೂಡಿದ್ದ ಆ ಜನ ಎದುರಿಸಿದ ಸಮಸ್ಯೆಯೇ ಇವತ್ತು ನಮ್ಮ ಬೇಸ್‌ಮೆಂಟುಗಳಲ್ಲಿದೆ.

ಡೆಟ್ರಾಯ್ಟ್ ಕಡೆಯವರಿಗೆ ಇದನ್ನು ಹೇಳಬೇಕಾದ್ದೇ ಇಲ್ಲ. ಡಿಯರ್‌ಬಾರ್ನ್‌ನಲ್ಲಿ ಫೋರ್ಡ್ ಕಂಪನಿಯ ಇಮ್ಮರ್ಸಿವ್ ವೆಹಿಕಲ್ ಎನ್ವಿರಾನ್‌ಮೆಂಟ್ ಲ್ಯಾಬನ್ನು ಎಲಿಜಬೆತ್ ಬ್ಯಾರನ್ ಮುನ್ನಡೆಸಿದರು. ಇನ್ನೂ ತಯಾರಾಗದ ಕಾರಿನೊಳಗೆ ಹೆಡ್‌ಸೆಟ್ ಹಾಕಿ ಕೂತು, ಮುಂದಿನ ಗಾಜಿನ ಪಕ್ಕದ ಕಂಬದಿಂದ ರಸ್ತೆ ಎಷ್ಟು ಮರೆಯಾಗುತ್ತದೆಂದು ನೋಡುವುದು ಅಂಥ ಕಡೆಯ ದಿನನಿತ್ಯದ ಕೆಲಸ. ನಿಮ್ಮಲ್ಲಿ ಎಷ್ಟೋ ಜನ ಡಿಯರ್‌ಬಾರ್ನ್, ವಾರನ್, ಆಬರ್ನ್ ಹಿಲ್ಸ್‌ಗಳಲ್ಲಿ ಕಾರು ಉದ್ಯಮದಲ್ಲಿದ್ದೀರಿ. ಕಚೇರಿಯಲ್ಲಿ ಒಂದು ವಿನ್ಯಾಸವನ್ನು ಹೆಡ್‌ಸೆಟ್ಟಿನಲ್ಲಿ ಪರಿಶೀಲಿಸುವ ಮೊದಲು ಅದರ ಮಾದರಿಯನ್ನು ಹಗುರ ಮಾಡಿ, ಯಂತ್ರವನ್ನು ಹೊಂದಿಸಿ, ಚಿತ್ರ ತಡವರಿಸದಂತೆ ನೋಡಿಕೊಳ್ಳಲು ಒಬ್ಬರು ಇರುತ್ತಾರೆ. ಮನೆಯಲ್ಲಿ ಆ ಒಬ್ಬರು ಯಾರು? ಹದಿನಾಲ್ಕು ವರ್ಷದ ಮಗು. ಆ ಜವಾಬ್ದಾರಿಯಲ್ಲಿ ನೀವೂ ಅರ್ಧ ಹೊರಬೇಕೆಂದು ಕೇಳಿಕೊಳ್ಳುವುದಕ್ಕೇ ಈ ಪತ್ರ.

ಮೊದಲ ಬೇಡಿಕೆ ಇದು. ಈ ಶನಿವಾರ ಮಗುವಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಸ್ಟೀಮ್ ವಿ.ಆರ್.ನ ಆ ಗ್ರಾಫ್ ತೆರೆಸಿ. ಸಂಖ್ಯೆ ನೋಡದೆ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. 90 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 90 ಚಿತ್ರಕ್ಕೆ, 11 ಮಿಲಿಸೆಕೆಂಡ್, 72ಕ್ಕೆ ಸುಮಾರು 14, 120ಕ್ಕೆ ಬರೀ 8 ಚಿಲ್ಲರೆ. ಗೆರೆ ಆ ಮಿತಿಯ ಕೆಳಗೆ ತುಸು ಅಂತರ ಬಿಟ್ಟು ಓಡಬೇಕು. ಮಿತಿಗೆ ಅಂಟಿಕೊಂಡು ಓಡಿದರೆ ಆಟದಲ್ಲಿ ಜನಸಂದಣಿಯೋ ಹೊಗೆಯೋ ಬಂದ ಕೂಡಲೇ ದಾಟಿಬಿಡುತ್ತದೆ. ದಾಟುತ್ತಿದ್ದರೆ ಎಲ್ಲಕ್ಕಿಂತ ಮೊದಲು ರೆಸಲ್ಯೂಷನ್ ಇಳಿಸಿ. ಮಕ್ಕಳು ಇದಕ್ಕೆ ಒಪ್ಪುವುದಿಲ್ಲ, ಸಂಖ್ಯೆ ಕಡಿಮೆಯಾದರೆ ಮಾನ ಹೋದಂತೆ ಅವರಿಗೆ. ಆಗ ಈ ಹರ್ಟ್ಸ್ ಸಂಖ್ಯೆಯನ್ನು, ಅಂದರೆ ರಿಫ್ರೆಶ್ ರೇಟನ್ನು, ಇಳಿಸುವ ದಾರಿ ಇದೆ: ಕಂಪ್ಯೂಟರಿನಲ್ಲಿರುವ ಮೆಟಾ ಆ್ಯಪ್‌ನ ಗ್ರಾಫಿಕ್ಸ್ ಪ್ರಿಫರೆನ್ಸಸ್‌ನಲ್ಲಿ 90ರ ಬದಲು 72 ಆರಿಸಿದರೆ ಪ್ರತಿ ಚಿತ್ರಕ್ಕೆ ಹೆಚ್ಚುಕಡಿಮೆ 3 ಮಿಲಿಸೆಕೆಂಡ್ ಹೆಚ್ಚು ಸಿಗುತ್ತದೆ. ಎಡವುತ್ತ ಓಡುವ 90ಕ್ಕಿಂತ ಸ್ಥಿರವಾಗಿ ನಡೆಯುವ 72 ದೇಹಕ್ಕೆ ಹಿತ. ಈ ಒಂದು ಮಾತನ್ನು ದಯವಿಟ್ಟು ನೆನಪಿಡಿ, ಉಳಿದವನ್ನು ಮರೆತರೂ ಪರವಾಗಿಲ್ಲ.

ಆಟದೊಳಗಿನ ಸೆಟ್ಟಿಂಗುಗಳಲ್ಲಿ ಕೆಲವು ಮಾನಿಟರಿಗೆ ಚೆಂದ, ಹೆಡ್‌ಸೆಟ್ಟಿಗೆ ಒಗ್ಗುವುದಿಲ್ಲ. ಮೋಷನ್ ಬ್ಲರ್, ಡೆಪ್ತ್ ಆಫ್ ಫೀಲ್ಡ್, ಫಿಲ್ಮ್ ಗ್ರೇನ್ ಇವನ್ನು ಮಾತ್ರ ಹಿಂದುಮುಂದು ನೋಡದೆ ತೆಗೆದುಹಾಕಿ. ಯಾವುದರ ಮೇಲೆ ಕಣ್ಣು ನೆಡಬೇಕೆಂದು ಕಣ್ಣೇ ನಿರ್ಧರಿಸಲಿ. ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್ ಎಂಬ ಪ್ರತಿಬಿಂಬದ ಸೆಟ್ಟಿಂಗ್ ಬಗ್ಗೆ ವಿಶೇಷವಾಗಿ ಹೇಳಬೇಕು. ಅದು ಪರದೆಯಲ್ಲಿ ಆಗಲೇ ಇರುವ ಚಿತ್ರವನ್ನೇ ಬಳಸಿ ನೆಲದ ಮೇಲೆ, ನೀರಿನ ಮೇಲೆ ಪ್ರತಿಬಿಂಬ ಬರೆಯುತ್ತದೆ. ಎಡಗಣ್ಣಿನ ಚಿತ್ರ ಬೇರೆ, ಬಲಗಣ್ಣಿನದು ಬೇರೆಯಾದ್ದರಿಂದ ಒಂದು ಕಣ್ಣಿಗೆ ಕಂಡ ಹೊಳಪು ಇನ್ನೊಂದಕ್ಕೆ ಕಾಣದೇ ಹೋಗಬಹುದು. ಎರಡು ಕಣ್ಣು ಜಗಳಕ್ಕೆ ಬಿದ್ದಾಗ ಬರುವ ತಲೆನೋವಿಗೆ ಮಕ್ಕಳಿಗೆ ಹೆಸರು ಗೊತ್ತಿರುವುದಿಲ್ಲ, "ಏನೋ ಒಂಥರಾ" ಎನ್ನುತ್ತಾರೆ ಅಷ್ಟೇ. ಹಾಗೆಂದಾಗ ಒಂದು ಕಣ್ಣು ಮುಚ್ಚಿ, ಮತ್ತೊಂದು ಕಣ್ಣು ಮುಚ್ಚಿ ಒಂದೇ ದೃಶ್ಯ ನೋಡಿಸಿ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ನೆರಳೋ ಹೊಳಪೋ ಇದ್ದರೆ ಅದನ್ನು ಉಂಟುಮಾಡುವ ಸೆಟ್ಟಿಂಗನ್ನು ಹುಡುಕಿ ತೆಗೆಯಿರಿ. ಅಂಚುಗಳನ್ನು ನಯಗೊಳಿಸುವ ಆಂಟಿ-ಏಲಿಯಾಸಿಂಗ್ ಮಾತ್ರ ಇರಲಿ. ಆಟದಲ್ಲಿ ಎಂಎಸ್‌ಎಎ ಇದ್ದರೆ ಅದನ್ನೇ ಆರಿಸಿ. ಟಿಎಎ ಹಿಂದಿನ ಚಿತ್ರಗಳನ್ನು ಬೆರೆಸಿ ನಯ ಮಾಡುವುದರಿಂದ ದೂರದ್ದೆಲ್ಲ ಮಂಜು ಕವಿದಂತೆ ಕಾಣುತ್ತದೆ, ಆಗ ಮಗು ಮಸುಕೆಂದು ದೂರಿ ಮತ್ತೆ ರೆಸಲ್ಯೂಷನ್ ಏರಿಸಲು ಹೊರಡುತ್ತದೆ.

ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಎಲ್ಲವನ್ನೂ ಬದಲಾಯಿಸಲು ಹೇಳುವ ಸಲಹೆಗಳಿಗೆ ಕಿವಿಗೊಡಬೇಡಿ. ಪವರ್ ಮ್ಯಾನೇಜ್‌ಮೆಂಟ್ ಅನ್ನು ಗರಿಷ್ಠ ಸಾಮರ್ಥ್ಯಕ್ಕೆ ಇಡುವುದರಿಂದ ಕೆಲವು ಕಂಪ್ಯೂಟರುಗಳಲ್ಲಿ ಅನುಕೂಲವಿದೆ, ಇಡಿ. ಉಳಿದವನ್ನು ಆಟದ ನಿರ್ಧಾರಕ್ಕೇ ಬಿಡಿ. ವಿ-ಸಿಂಕ್, ಜಿ-ಸಿಂಕ್ ಮಾನಿಟರಿಗೆ ಸಂಬಂಧಿಸಿದ್ದು. ಹೆಡ್‌ಸೆಟ್ಟಿಗೆ ಚಿತ್ರ ಯಾವಾಗ ಹೋಗಬೇಕೆಂದು ಅದರದೇ ತಂತ್ರಾಂಶ ನೋಡಿಕೊಳ್ಳುತ್ತದೆ. ಮಾನಿಟರಿಗೆಂದು 60 ಫ್ರೇಮಿನ ಮಿತಿ ಹಾಕಿಟ್ಟಿದ್ದರೆ ಅದನ್ನು ತೆಗೆದು ನೋಡಿ. ಟೆಕ್ಸ್‌ಚರ್ ಗುಣಮಟ್ಟದ ವಿಷಯದಲ್ಲಿ ಕಾರ್ಡಿನ ಮೆಮೊರಿ ಮುಖ್ಯ: ಅದು ತುಂಬಿ ತುಳುಕಿದರೆ ಕಂಪ್ಯೂಟರಿನ ಮೆಮೊರಿಯಿಂದ ಸಾಗಿಸಿ ತರಬೇಕಾಗಿ ಚಿತ್ರ ಒಮ್ಮೆಲೇ ಗಕ್ಕನೆ ನಿಂತು ಹೊರಡುತ್ತದೆ. ಸರಾಸರಿ ಸಂಖ್ಯೆ ಚೆನ್ನಾಗಿದ್ದೂ ನಡುನಡುವೆ ಹೀಗೆ ಗಕ್ಕೆಂದರೆ ಟೆಕ್ಸ್‌ಚರನ್ನು ಒಂದು ಮೆಟ್ಟಿಲು ಇಳಿಸಿ.

ಲ್ಯಾಪ್‌ಟಾಪ್ ಇರುವವರಿಗೆ ಒಂದು ಮಾತು. ಅದರೊಳಗೆ ಸಾಮಾನ್ಯವಾಗಿ ಎರಡು ಗ್ರಾಫಿಕ್ಸ್ ಚಿಪ್ ಇರುತ್ತವೆ, ಒಂದು ಸಾದಾ, ಇನ್ನೊಂದು ಬಲಿಷ್ಠ. ಆಟ ಸಾದಾ ಚಿಪ್ಪಿನ ಮೇಲೆ ಓಡುತ್ತಿದ್ದರೆ ಯಾವ ಸೆಟ್ಟಿಂಗೂ ಉದ್ಧಾರ ಮಾಡದು. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನೊಳಗೆ ಗ್ರಾಫಿಕ್ಸ್ ಎಂಬಲ್ಲಿ ಆ ಆಟಕ್ಕೆ ಹೈ ಪರ್ಫಾರ್ಮೆನ್ಸ್ ಆರಿಸಿ. ವಾಲ್ವ್ ಇಂಡೆಕ್ಸ್, ರಿಫ್ಟ್ ಎಸ್‌ನಂಥ ಡಿಸ್‌ಪ್ಲೇಪೋರ್ಟ್ ಹೆಡ್‌ಸೆಟ್ಟುಗಳಿಗೆ ಲ್ಯಾಪ್‌ಟಾಪಿನ ಯಾವ ಕಿಂಡಿ ಯಾವ ಚಿಪ್ಪಿಗೆ ಜೋಡಣೆಯಾಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಚಾರ್ಜರ್ ಚುಚ್ಚದೆ ಬ್ಯಾಟರಿಯಲ್ಲೇ ಓಡಿಸಿದರೆ ಕಾರ್ಡಿಗೆ ವಿದ್ಯುತ್ ಸಾಲದೆ ವೇಗ ಕುಗ್ಗುತ್ತದೆ. ಎಷ್ಟೋ ಮನೆಗಳಲ್ಲಿ ಚಾರ್ಜರ್ ಚುಚ್ಚಿದ್ದೇ ಚಿಕಿತ್ಸೆಯಾಗಿದೆ.

ಎಲ್ಲ ತೊಂದರೆಯನ್ನೂ ಕಾರ್ಡಿನ ತಲೆಗೆ ಕಟ್ಟುವುದು ಅನ್ಯಾಯ. ಕಂಪ್ಯೂಟರಿಗೆ ಜೋಡಿಸದೆ ಹೆಡ್‌ಸೆಟ್ಟಿನಲ್ಲೇ ಆಡುವ ಆಟಗಳಿಗೆ ಅದರೊಳಗಿನ ಚಿಪ್ಪೇ ಎಲ್ಲವನ್ನೂ ಮಾಡುತ್ತದೆ, ಅಲ್ಲಿ ನಿಮ್ಮ ಕಾರ್ಡಿಗೆ ಪಾತ್ರವಿಲ್ಲ. ಕೇಬಲ್ ಅಥವಾ ವೈ-ಫೈ ಮೂಲಕ ಜೋಡಿಸಿದಾಗ ಕಾರ್ಡು ಚಿತ್ರವನ್ನು ವಿಡಿಯೊದಂತೆ ಕುಗ್ಗಿಸಿ ಕಳಿಸುತ್ತದೆ. ಹುಲ್ಲು, ಎಲೆ, ಕತ್ತಲೆಯ ಮೂಲೆಗಳಲ್ಲಿ ಚೌಕಚೌಕವಾಗಿ ಕಲಸಿಹೋದಂತೆ ಕಂಡರೆ ಅದು ಆ ಕುಗ್ಗಿಸುವಿಕೆಯ ಅಥವಾ ವೈ-ಫೈನ ದೋಷ. ಕಂಪ್ಯೂಟರನ್ನು ರೂಟರಿಗೆ ತಂತಿಯಿಂದಲೇ ಜೋಡಿಸಿ, ಆಡುವ ಕೋಣೆಯಲ್ಲೇ ರೂಟರ್ ಇರಲಿ. ಇನ್ನು ಆಟದ ಸ್ವಭಾವ: ಕಾಲು ಕದಲಿಸದೆ ಕಂಟ್ರೋಲರಿನ ಕೋಲು ತಳ್ಳಿ ಓಡುವ ಆಟದಲ್ಲಿ ಚಿತ್ರ ಎಷ್ಟೇ ಸ್ಥಿರವಾಗಿದ್ದರೂ ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಅಂಥವರಿಗೆ ಜಾಗದಿಂದ ಜಾಗಕ್ಕೆ ಜಿಗಿಯುವ ಆಯ್ಕೆ ಇದ್ದರೆ ಅದೇ ಲೇಸು.

ಕಣ್ಣುಗಳ ನಡುವಿನ ಅಂತರವನ್ನು ಮರೆಯಬೇಡಿ. ಕ್ವೆಸ್ಟ್ 2ರ ಲೆನ್ಸುಗಳನ್ನು 58, 63, 68 ಮಿಲಿಮೀಟರ್ ಎಂಬ ಮೂರು ಜಾಗಗಳಿಗಷ್ಟೇ ಸರಿಸಬಹುದು. ಅಪ್ಪ ಆಡಿ ಬಿಟ್ಟ ಜಾಗದಲ್ಲೇ ಮಗಳು ಹಾಕಿಕೊಂಡರೆ ಅವಳ ಕಣ್ಣು ಲೆನ್ಸಿನ ನಡುವಿಗೆ ಬರುವುದಿಲ್ಲ, ಯಾವ ಕಾರ್ಡೂ ಆ ಮಸುಕನ್ನು ತಿದ್ದದು. ತಯಾರಕರು ಹಾಕಿರುವ ವಯಸ್ಸಿನ ಮಿತಿಯೂ ಸುಮ್ಮನೆ ಅಲ್ಲ: ಮೆಟಾ ಮೊದಲು 13 ಎಂದಿತ್ತು, 2023ರಲ್ಲಿ ತಂದೆತಾಯಿ ನಿರ್ವಹಿಸುವ ಖಾತೆಯೊಂದಿಗೆ 10ರಿಂದ 12ರವರಿಗೂ ಅವಕಾಶ ಕೊಟ್ಟಿತು. ನಿರ್ವಹಿಸುವ ಎಂಬ ಮಾತನ್ನು ನಾವು ಬರೀ ಪಾಸ್‌ವರ್ಡ್ ಹಾಕುವುದಕ್ಕೆ ಇಳಿಸಿಬಿಡಬಾರದು. ಫಿಟ್ಸ್ ಬಂದ ಇತಿಹಾಸವಿರುವವರು ವೈದ್ಯರನ್ನು ಕೇಳದೆ ಹಾಕಿಕೊಳ್ಳಕೂಡದು. ಪೆಟ್ಟಿಗೆಯೊಳಗಿನ ಎಚ್ಚರಿಕೆಯ ಹಾಳೆಯಲ್ಲೇ ಅದು ಇದೆ. ಎಲ್ಲ ಸರಿಪಡಿಸಿದ ಮೇಲೂ ತಲೆನೋವು ನಿಲ್ಲದಿದ್ದರೆ ಕಣ್ಣಿನ ವೈದ್ಯರ ಬಳಿ ಹೋಗಿ.

ಬೇಸಿಗೆಯಲ್ಲಿ ಊರಿನಿಂದ ಬರುವ ಹಿರಿಯರ ಪರವಾಗಿ ಒಂದು ವಿಶೇಷ ವಿನಂತಿ. ಗೂಗಲ್ ಅರ್ಥ್ ವಿ.ಆರ್. 2016ರಲ್ಲಿ ಬಂದದ್ದು, ಕಂಪ್ಯೂಟರಿನಿಂದಲೇ ಓಡಬೇಕು. ಅದರಲ್ಲಿ ಶರಾವತಿ ಕಣಿವೆಯನ್ನೋ ಕುದುರೆಮುಖದ ಬೆಟ್ಟಸಾಲನ್ನೋ ಮೇಲಿನಿಂದ ತೋರಿಸಿದಾಗ ಅಜ್ಜ ಅಜ್ಜಿಯರ ಮುಖ ಅರಳುವುದನ್ನು ನಾನು ಕಂಡಿದ್ದೇನೆ. ಆದರೆ ಅವರು ದೂರು ಹೇಳುವ ಜನವಲ್ಲ. ಮೊಮ್ಮಗ ಇಷ್ಟು ಪ್ರೀತಿಯಿಂದ ತೋರಿಸುತ್ತಿದ್ದಾನೆಂದು ತಲೆ ಸುತ್ತಿದರೂ ಸಹಿಸಿಕೊಂಡು ಕೂರುತ್ತಾರೆ. ಅವರಿಗೆ ಹಾಕುವ ಮೊದಲು ನೀವೇ ಹಾಕಿಕೊಂಡು ಗ್ರಾಫ್ ನೋಡಿ. ಹಾರುವಾಗ ಅಂಚಿನ ನೋಟವನ್ನು ಮರೆಮಾಡುವ ಕಂಫರ್ಟ್ ಆಯ್ಕೆಯನ್ನು ಆನ್ ಮಾಡಿ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕೂರಿಸಿ, ಕಂಟ್ರೋಲರ್ ನಿಮ್ಮ ಕೈಯಲ್ಲಿರದೆ ಅವರ ಕೈಯಲ್ಲೇ ಇರಲಿ; ತಾವೇ ಚಲಿಸಿದಾಗ ಮೈ ಅದಕ್ಕೆ ಸಿದ್ಧವಾಗಿರುತ್ತದೆ. ಒಂದು ಜಾಗ ನೋಡಿ ಮುಗಿದ ಮೇಲೆ ತೆಗೆದುಬಿಡಿ, ಇನ್ನೊಂದು ಎಂದು ಒತ್ತಾಯಿಸಬೇಡಿ.

ದುಡ್ಡಿನ ಮಾತು. ವೆಸ್ಟ್‌ಮಾಂಟ್‌ನಲ್ಲೋ ಮ್ಯಾಡಿಸನ್ ಹೈಟ್ಸ್‌ನಲ್ಲೋ ಮೈಕ್ರೋ ಸೆಂಟರಿಗೆ ಹೋಗಿ ದುಬಾರಿ ಕಾರ್ಡು ತರುವ ಮೊದಲು ಮೇಲಿನದೆಲ್ಲ ಮಾಡಿ ನೋಡಿ. ಮಾಡಿಯೂ ಗೆರೆ ಇಳಿಯದಿದ್ದರೆ ಆಗ ಕೊಳ್ಳಿ. ನಿಮಗೆ ಬೇಕಾದ್ದು ಎಷ್ಟು ಮಿಲಿಸೆಕೆಂಡಿನ ಉಳಿತಾಯವೆಂದು ಗೊತ್ತಿದ್ದರೆ ಅಂಗಡಿಯಲ್ಲಿ ಕೇಳುವ ಪ್ರಶ್ನೆಯೂ ಸರಿಯಾಗಿರುತ್ತದೆ.

ಕೊನೆಯದಾಗಿ, ಶಿಕಾಗೊದ ವಿದ್ಯಾರಣ್ಯ ಕನ್ನಡ ಕೂಟ ಮತ್ತು ಮಿಶಿಗನ್‌ನ ಪಂಪ ಕನ್ನಡ ಕೂಟದ ಪದಾಧಿಕಾರಿಗಳಲ್ಲಿ ಒಂದು ಪ್ರಾರ್ಥನೆ. 2002ರಲ್ಲಿ ಡೆಟ್ರಾಯ್ಟ್‌ನಲ್ಲೂ 2008ರಲ್ಲಿ ಶಿಕಾಗೊದಲ್ಲೂ ವಿಶ್ವ ಕನ್ನಡ ಸಮ್ಮೇಳನ ನಡೆದಿದೆ; ಅಷ್ಟು ದೊಡ್ಡ ಕೆಲಸಕ್ಕೆ ಹೆಗಲು ಕೊಟ್ಟ ಊರುಗಳು ಒಂದು ಮೇಜು ಹೊಂದಿಸುವುದು ಕಷ್ಟವಲ್ಲ. ಮುಂದಿನ ಯುಗಾದಿ ಅಥವಾ ರಾಜ್ಯೋತ್ಸವದ ದಿನ ಸಭಾಂಗಣದ ಹೊರಗೆ ಒಂದು ಕಂಪ್ಯೂಟರ್, ಒಂದು ಹೆಡ್‌ಸೆಟ್ ಇಡಿ. ಒಂದೇ ಆಟವನ್ನು ಎರಡು ಬಗೆಯ ಸೆಟ್ಟಿಂಗಿನಲ್ಲಿ, ಒಂದು ಮಿತಿ ದಾಟಿದ್ದು, ಒಂದು ಮಿತಿಯೊಳಗಿನದು, ತಂದೆತಾಯಂದಿರೇ ಹಾಕಿಕೊಂಡು ನೋಡಲಿ. ಕೂಟದಲ್ಲಿ ಬೆಳೆದ ಹೈಸ್ಕೂಲು ಮಕ್ಕಳೇ ಕನ್ನಡದಲ್ಲಿ ವಿವರಿಸಲಿ, ಅವರಿಗೆ ಬೇಕಾದಷ್ಟು ಗೊತ್ತಿದೆ. ಇಲಿನಾಯ್ ಕಡೆಯ ಕಾರ್ಯಕ್ರಮಕ್ಕೆ ಯಂತ್ರವನ್ನು ಹೊತ್ತು ತಂದು, ಜೋಡಿಸಿ, ಸಂಜೆಯವರೆಗೆ ನಿಲ್ಲಲು ನಾನು ಸಿದ್ಧ. ಮಿಶಿಗನ್‌ನವರು ಕರೆದರೆ ಐ-94 ಹಿಡಿದು ಅಲ್ಲಿಗೂ ಬರುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಗ್ರಾಫಿಕ್ಸ್ ಕ್ಷೇತ್ರದಲ್ಲಿ ದುಡಿಯುವ ಒಬ್ಬ ಕನ್ನಡಿಗ
ನೇಪರ್‌ವಿಲ್, ಇಲಿನಾಯ್